ಅಲೆಯೊಳಗಿನ ಹಸಿರು

ಆ ಚಿತ್ರ ನನ್ನ ಮನೆಗೆ ಬಂದದ್ದು ಆಟೋದಲ್ಲಿ, ಹೂವಿನ ಡಿಸೈನಿನ ಬೆಡ್‌ಶೀಟು ಸುತ್ತಿಕೊಂಡು. ಅರ್ಧ ಆಟೋದ ಒಳಗೆ, ಅರ್ಧ ಹೊರಗೆ. ಎಂಬತ್ತರ ಹತ್ತಿರದ ಒಬ್ಬ ಹಿರಿಯರು ಅದನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಕೂತಿದ್ದರು. ಪುಟ್ಟೇನಹಳ್ಳಿಯಿಂದ ಬನಶಂಕರಿ ಎರಡನೇ ಸ್ಟೇಜಿನವರೆಗೂ ಹಾಗೇ ಬಂದಿದ್ದರಂತೆ. ಇಳಿಸಿಕೊಡಲು ಡ್ರೈವರು ಕೈ ಚಾಚಿದರೆ, "ಬೇಡಪ್ಪ, ನಾನೇ ಇಳಿಸ್ತೀನಿ" ಅಂದರು. ನನ್ನ ಮನೆಯ ಮಹಡಿ ಮೆಟ್ಟಿಲು ಕಡಿದು. ಹತ್ತುವಾಗ ಎರಡು ಸಲ ನಿಂತು ಉಸಿರು ತೆಗೆದುಕೊಂಡರೂ ಪಟದ ಒಂದು ತುದಿಯನ್ನು ಮಾತ್ರ ನನಗೆ ಹಿಡಿಯಲು ಬಿಟ್ಟರು.

ಹಳೆಯ ಚಿತ್ರಗಳ ಕೊಳೆ ತೆಗೆಯುವುದು, ಹರಿದದ್ದನ್ನು ಸರಿಮಾಡುವುದು ನನ್ನ ಕೆಲಸ. ಮಹಡಿಯ ಮೇಲೆ ಉತ್ತರಕ್ಕೆ ಕಿಟಕಿ ಇರುವ ಒಂದು ಕೋಣೆ, ಒಂದು ಉದ್ದನೆಯ ಮೇಜು, ಹತ್ತಿ, ಬಿದಿರು ಕಡ್ಡಿ, ಸಾಲಾಗಿ ಬಾಟಲಿಗಳು. ಇಷ್ಟರಲ್ಲೇ ಇಪ್ಪತ್ತು ವರ್ಷ ಕಳೆದಿದ್ದೇನೆ. ಬಸವನಗುಡಿ, ಜಯನಗರದ ಹಳೆಯ ಮನೆಗಳನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟಲು ಹೊರಟಾಗೆಲ್ಲ ಅಟ್ಟದಿಂದ ಏನೇನೋ ಇಳಿಯುತ್ತವೆ. ಪೇಟ ಕಟ್ಟಿದ ಮುತ್ತಾತ, ಚಿನ್ನದ ರೇಕು ಎದ್ದುಹೋದ ರಾಮ ಪಟ್ಟಾಭಿಷೇಕ, ಹುಳ ತಿಂದ ಸರಸ್ವತಿ. ಅವೆಲ್ಲ ನನ್ನ ಮೇಜಿಗೆ ಬರುತ್ತವೆ. ಕಡಲು ಮಾತ್ರ ಅಲ್ಲಿಯವರೆಗೆ ಬಂದಿರಲಿಲ್ಲ.

ಬೆಡ್‌ಶೀಟು ಬಿಚ್ಚಿದಾಗಲೂ ಕಡಲು ಕಾಣಲಿಲ್ಲ. ನಾಲ್ಕಡಿ ಅಗಲದ ಕ್ಯಾನ್ವಾಸು, ಅದರ ತುಂಬ ಗಟ್ಟಿ ಡಿಕಾಕ್ಷನ್ನಿನ ಬಣ್ಣ. ಕಣ್ಣು ಕಿರಿದು ಮಾಡಿ ನೋಡಿದರೆ ವಾಲಿದ ಒಂದು ಹಡಗಿನ ಕಂಬ, ಅದರ ಪಕ್ಕ ಮಂಕಾದ ಒಂದು ದುಂಡು. ಕೆಳಗೆ ಬಂಡೆಯಂಥ ಒಂದು ಕಪ್ಪು ಮಚ್ಚೆ. ಹತ್ತಿರ ಬಗ್ಗಿದೆ. ಒಗ್ಗರಣೆಯ ವಾಸನೆ, ಊದುಬತ್ತಿಯ ವಾಸನೆ.

"ಅಡಿಗೆಮನೆಗೂ ದೇವರ ಮನೆಗೂ ನಡುವೆ ಹಾಕಿದ್ವಿ ಮೇಡಂ. ಇಷ್ಟು ದೊಡ್ಡ ಗೋಡೆ ನಮ್ಮನೇಲಿ ಅದೊಂದೇ ಇದ್ದಿದ್ದು" ಅಂದರು ಅವರು. "ರಾತ್ರಿ ಕಡಲಿನ ಚಿತ್ರ. ಅದು ಚಂದ್ರ. ಮೊದಲು ಇನ್ನೂ ಸ್ವಲ್ಪ ಕಾಣ್ತಿತ್ತು. ಈಗ ಮನೆಗೆ ಸುಣ್ಣಬಣ್ಣ ಮಾಡಿಸಿದೀವಿ. ಒಂದೋ ಇದನ್ನ ಕ್ಲೀನ್ ಮಾಡಿಸಿ, ಇಲ್ಲಾ ಯಾರಿಗಾದರೂ ಕೊಟ್ಟುಬಿಡಿ, ಆ ಕತ್ತಲೆ ಪಟ ಇನ್ನು ನನ್ನ ಕಣ್ಣಿಗೆ ಬೀಳಬಾರದು ಅಂದ್ಲು ನನ್ನ ಹೆಂಡತಿ."

"ಎಲ್ಲಿಂದ ತಂದಿದ್ದು ಸಾರ್?"

"ಯುರೋಪಿನ ಒಂದು ಬಂದರು. ಹಳೇ ಮೇಜು ಕುರ್ಚಿ ಮಾರೋ ಅಂಗಡಿ. ಹಡಗಿನಲ್ಲಿ ಇಂಜಿನಿಯರ್ ಆಗಿದ್ದೆ ನಾನು, ಮೂವತ್ತೊಂದು ವರ್ಷ."

"ಹಾಗಾದ್ರೆ ಕಡಲನ್ನ ನಿಮ್ಮಷ್ಟು ನೋಡಿದವರು ಈ ಏರಿಯಾದಲ್ಲಿ ಯಾರೂ ಇರಲ್ಲ."

ಅವರು ನಕ್ಕರು. "ಎಲ್ಲರೂ ಹಾಗೇ ಅಂದ್ಕೋತಾರೆ. ಇಂಜಿನ್ ರೂಮು ಇರೋದು ಹಡಗಿನ ತಳದಲ್ಲಿ ಮೇಡಂ, ನೀರಿನ ಮಟ್ಟಕ್ಕಿಂತ ಕೆಳಗೆ. ಕಿಟಕಿ ಇರಲ್ಲ. ಟ್ಯೂಬ್‌ಲೈಟು, ಶಬ್ದ, ಎಣ್ಣೆ ವಾಸನೆ, ಸೆಖೆ. ಡ್ಯೂಟಿ ಮುಗಿದ್ರೆ ಊಟ, ನಿದ್ದೆ. ಕಡಲಿನ ಮೇಲಿದ್ದೆ ನಿಜ. ನೋಡಿದ್ದು ಕಡಿಮೆ."

ಮೊದಲ ಮೂರು ವಾರ ಮೇಲಿನ ಜಿಡ್ಡು ಮತ್ತು ಮಸಿಗೇ ಹೋಯಿತು. ಬಿದಿರು ಕಡ್ಡಿಯ ತುದಿಗೆ ಹತ್ತಿ ಸುತ್ತಿ, ನಾಲಿಗೆಗೆ ತಾಗಿಸಿ ಒದ್ದೆ ಮಾಡಿಕೊಂಡು, ಬಟ್ಟಲಗಲದ ಜಾಗದ ಮೇಲೆ ಮೆಲ್ಲಗೆ ಉರುಳಿಸುತ್ತ ಒರೆಸಬೇಕು. ಕೇಳಿದವರು ಮುಖ ಸಿಂಡರಿಸುತ್ತಾರೆ, ಆದರೆ ಇಂಥ ಜಿಡ್ಡಿಗೆ ಎಂಜಲಿನಷ್ಟು ಮೃದುವಾದ, ನಂಬಬಹುದಾದ ಔಷಧ ಇನ್ನೊಂದು ನನಗೆ ಸಿಕ್ಕಿಲ್ಲ. ಕಪ್ಪಾದ ಹತ್ತಿಯ ಉಂಡೆಗಳಿಂದ ಎರಡು ಡಬ್ಬಿ ತುಂಬಿದವು. ಒಂದು ಮನೆಯ ಎಷ್ಟೋ ವರ್ಷದ ಸಾರು, ಪಲ್ಯ, ಮಂಗಳಾರತಿ ಎಲ್ಲ ಅದರಲ್ಲಿತ್ತು.

ಅದರ ಕೆಳಗೆ ವಾರ್ನಿಷ್. ಚಿತ್ರ ಬರೆದು ಮುಗಿಸಿದ ಮೇಲೆ ಬಣ್ಣಕ್ಕೆ ಹೊಳಪಿರಲಿ, ಧೂಳು ತಾಗದಿರಲಿ ಎಂದು ಹಚ್ಚುವ ಅಂಟಿನ ಪೊರೆ. ಹೊಸದಾಗಿ ಗಾಜಿನ ಹಾಗಿರುತ್ತದೆ. ವರ್ಷ ಕಳೆದ ಹಾಗೆ ಹಳದಿ, ಆಮೇಲೆ ಬೆಲ್ಲದ ಬಣ್ಣ, ಆಮೇಲೆ ಕಂದು. ಅದನ್ನು ತೆಗೆಯುವುದೇ ಅಪಾಯದ ಕೆಲಸ. ಕರಗಿಸುವ ದ್ರವ ಒಂದು ತೊಟ್ಟು ಹೆಚ್ಚಾದರೆ ವಾರ್ನಿಷ್ ಜೊತೆಗೆ ಬಣ್ಣವೂ ಎದ್ದು ಬರುತ್ತದೆ. ಆದ್ದರಿಂದ ಮೊದಲು ಮೂಲೆಯಲ್ಲಿ ಅಂಚೆಚೀಟಿಯಷ್ಟು ಜಾಗದಲ್ಲಿ ಮಾಡಿ ನೋಡುತ್ತೇವೆ.

ಆ ಬೆಳಿಗ್ಗೆ ಆಕಾಶದ ಬಲ ಮೂಲೆಯಲ್ಲಿ ಹತ್ತಿ ಇಟ್ಟೆ. ಒಂದು, ಎರಡು, ಮೂರು ಎಂದು ಎಣಿಸುತ್ತ ಉರುಳಿಸಿ ಎತ್ತಿದೆ. ಹತ್ತಿಗೆ ಜೇನಿನ ಬಣ್ಣ ಬಂದಿತ್ತು. ಕೆಳಗೆ ನೋಡಿದೆ.

ರಾತ್ರಿಯ ಆಕಾಶಕ್ಕೆ ಗಾಢ ನೀಲಿ ಸಿಗುತ್ತದೆ ಎಂದುಕೊಂಡಿದ್ದೆ. ಅಲ್ಲಿದ್ದದ್ದು ಸೀಬೆಹಣ್ಣಿನ ತಿರುಳಿನಂಥ ತಿಳಿಗೆಂಪು. ಅದರ ಅಂಚಿನಲ್ಲಿ ಬೆಣ್ಣೆಯಂಥ ಹಳದಿ. ನಾನು ತಪ್ಪು ಜಾಗದಲ್ಲಿ ಕೈಯಿಟ್ಟೆನೇನೋ, ಯಾರೋ ಆಮೇಲೆ ಮೆತ್ತಿದ ಬಣ್ಣವೇನೋ ಎಂದು ಇನ್ನೊಂದು ಕಡೆ ಅಷ್ಟೇ ಜಾಗ ತೆರೆದೆ. ಅಲ್ಲೂ ಅದೇ. ಸ್ಟೂಲ್ ಎಳೆದುಕೊಂಡು ಕೂತುಬಿಟ್ಟೆ. ಅಷ್ಟು ವರ್ಷ ಒಂದು ಮನೆಯವರು ರಾತ್ರಿ ಅಂದುಕೊಂಡಿದ್ದ ಚಿತ್ರದಲ್ಲಿ ಬೆಳಗಾಗುತ್ತಿತ್ತು.

ಅವರಿಗೆ ಫೋನ್ ಮಾಡಿದೆ. "ಸಾರ್, ಅದು ಚಂದ್ರ ಅಲ್ಲ. ಸೂರ್ಯ."

"ನನಗೆ ಅನ್ಸಿತ್ತು" ಅಂದರು, ತೀರಾ ಮೆಲ್ಲಗೆ. ಹೇಗೆ ಅನ್ನಿಸಿತ್ತು ಎಂದು ನಾನು ಆಗ ಕೇಳಲಿಲ್ಲ.

ಅಲ್ಲಿಂದ ಪ್ರತಿ ಗುರುವಾರ ಬೆಳಿಗ್ಗೆ ಅವರು ಬಸ್ಸು ಹಿಡಿದು ಬರತೊಡಗಿದರು. ಕೋಣೆಯ ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಕೈಕಟ್ಟಿ, ಒಂದು ಮಾತೂ ಆಡದೆ ನೋಡುವರು. ನಾನು ಒಂದು ಅಂಗುಲ ತೆರೆದರೆ ಒಂದು ಅಂಗುಲ ಮುಂದೆ ಬಗ್ಗುವರು. ವಾರ್ನಿಷ್ ಕೆಳಗಿನಿಂದ ಆಕಾಶ ಮೆಲ್ಲಗೆ ಹೊರಬರುತ್ತಿತ್ತು. ಮೋಡ ಎಂದು ಒಂದನ್ನು ಬೇರೆ ಮಾಡಿ ತೋರಿಸಲು ಆಗುತ್ತಿರಲಿಲ್ಲ. ಎಲ್ಲವೂ ಹಬೆ, ಎಲ್ಲವೂ ಬೆಳಕು. ಎಲ್ಲಿ ಗಾಳಿ ಮುಗಿದು ನೀರು ಶುರುವಾಗುತ್ತದೆ ಎಂಬುದೂ ಗೊತ್ತಾಗುತ್ತಿರಲಿಲ್ಲ.

ಇಂಥ ಚಿತ್ರಗಳನ್ನು ನಾನು ಮೊದಲು ನೋಡಿದ್ದು ಕಲಾಶಾಲೆಯಲ್ಲಿ, ಗೋಡೆಯ ಮೇಲೆ ಬೀಳುತ್ತಿದ್ದ ಸ್ಲೈಡುಗಳಲ್ಲಿ. ಇನ್ನೂರು ವರ್ಷದ ಹಿಂದೆ ಯುರೋಪಿನ ರೊಮ್ಯಾಂಟಿಕ್ ಚಿತ್ರಗಾರರಿಗೆ ಕಡಲಿನ ಹುಚ್ಚು ಹಿಡಿಯಿತು ಎಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಅದಕ್ಕೆ ಮುಂಚೆ ಹಡಗಿನ ಚಿತ್ರ ಎಂದರೆ ಹಡಗೇ ದೊಡ್ಡದು, ಕಡಲು ಅದನ್ನು ನಿಲ್ಲಿಸಲು ಇರುವ ನೆಲ. ಇವರು ಬಂದು ಹಡಗನ್ನು ಚಿಕ್ಕದು ಮಾಡಿದರು, ಮನುಷ್ಯನನ್ನು ಇನ್ನೂ ಚಿಕ್ಕವನನ್ನಾಗಿ ಮಾಡಿದರು, ನೀರು ಬೆಳಕು ಎರಡಕ್ಕೇ ಕ್ಯಾನ್ವಾಸು ಬಿಟ್ಟುಕೊಟ್ಟರು. ಮೇಷ್ಟ್ರು ಹೀಗೆ ಹೇಳುವಾಗ ಅವರ ದನಿ ನಡುಗುತ್ತಿತ್ತು. ನನಗೆ ಹತ್ತೊಂಬತ್ತು ವರ್ಷ. ಜಯನಗರದಲ್ಲಿ ಹುಟ್ಟಿ ಬೆಳೆದವಳು. ಕಡಲು ಅಂತ ನೋಡಿದ್ದು ಒಂದೇ ಸಲ, ಮದರಾಸಿನಲ್ಲಿ, ಸುಡು ಮಧ್ಯಾಹ್ನ, ಜನರ ತಲೆಗಳ ನಡುವೆ. ಬೂದಿಬಣ್ಣದ ನೀರು. "ಕಡಲು ಹಾಗೆಲ್ಲ ಹೊಳೆಯಲ್ಲ ಸಾರ್, ಇವರು ಜಾಸ್ತಿ ಮಾಡಿ ಬರೆದಿದ್ದಾರೆ" ಅಂದಿದ್ದೆ. ಕ್ಲಾಸಿನವರು ನಕ್ಕರು. ಮೇಷ್ಟ್ರು ನಗಲಿಲ್ಲ. "ನೀನು ಇನ್ನೂ ನೋಡಿಲ್ಲ, ಅಷ್ಟೆ" ಅಂದು ಮುಂದಿನ ಸ್ಲೈಡು ಹಾಕಿದರು.

ನಮ್ಮ ಈ ಚಿತ್ರ ಆ ಕಾಲದ ದೊಡ್ಡವರದ್ದಲ್ಲ. ಹುಡುಕಿದರೂ ಸಹಿ ಸಿಗಲಿಲ್ಲ. ಅವರ ದಾರಿ ಹಿಡಿದ ಯಾರೋ ಒಬ್ಬರು, ಆಮೇಲೆ ಎಂದೋ ಬರೆದದ್ದು. ಆದರೆ ಆ ಯಾರೋ ಒಬ್ಬರು ನೀರನ್ನು ನೋಡಿದ್ದರು. ಅಷ್ಟು ನನಗೆ ಗೊತ್ತಾಗಿತ್ತು.

ಆಕಾಶ ಮುಗಿದು ಅಲೆಗಳಿಗೆ ಬಂದಾಗ ಎಡವಟ್ಟಾಯಿತು.

ಚಿತ್ರದ ನಡುವೆ ಒಂದು ದೊಡ್ಡ ಅಲೆ. ಸೂರ್ಯನಿಗೂ ನೋಡುವವರಿಗೂ ಮಧ್ಯೆ ಎದ್ದು ನಿಂತದ್ದು. ಅದರ ನೆತ್ತಿಯ ಹತ್ತಿರ ಹತ್ತಿ ಉರುಳಿಸಿ ಎತ್ತಿದರೆ ಹತ್ತಿಯಲ್ಲಿ ಜೇನಿನ ಬಣ್ಣದ ಜೊತೆ ಹಸಿರು. ಹತ್ತಿಯನ್ನು ಪಕ್ಕಕ್ಕಿಟ್ಟೆ. ನೀಲಿ ಬಣ್ಣದ ಮೇಲೆ ಹಳದಿಯಾದ ವಾರ್ನಿಷ್ ಕೂತರೆ ಕಣ್ಣಿಗೆ ಹಸಿರಾಗಿ ಕಾಣುತ್ತದೆ, ಅದು ನನಗೆ ಗೊತ್ತು. ಆದರೆ ಹತ್ತಿಗೆ ಹಸಿರು ಬರಬಾರದು. ಬಂದರೆ ಅದು ಚಿತ್ರಗಾರನ ಬಣ್ಣ. ಬಿಳಿಯ ಮೇಲೆ ತೀರಾ ತೆಳುವಾಗಿ, ಗಾಜಿಗೆ ಬಣ್ಣ ಕೊಟ್ಟ ಹಾಗೆ ಎಳೆದ ಒಂದು ಪದರ. ಉಗುರಿನಷ್ಟು ಅಗಲ ಅದನ್ನು ನಾನು ಒರೆಸಿ ಹಾಕಿದ್ದೆ. ಅಥವಾ ಹಾಗಲ್ಲದೆ, ಮಧ್ಯೆ ಯಾವಾಗಲೋ ರಿಪೇರಿ ಮಾಡಿದವರು ವಾರ್ನಿಷ್‌ಗೇ ಹಸಿರು ಬೆರೆಸಿ ಹಚ್ಚಿದ್ದೂ ಇರಬಹುದು. ಅಂಥದ್ದನ್ನೂ ನೋಡಿದ್ದೇನೆ. ಹಾಗಿದ್ದರೆ ಅದನ್ನು ಪೂರ್ತಿ ತೆಗೆಯಲೇಬೇಕು.

ಕೋಣೆ ಕತ್ತಲು ಮಾಡಿ, ಹಳೆಯ ವಾರ್ನಿಷನ್ನು ಹೊಳೆಸಿ ತೋರಿಸುವ ನೇರಳೆ ದೀಪದಲ್ಲಿ ನೋಡಿದೆ, ಭೂತಗನ್ನಡಿಯಲ್ಲಿ ನೋಡಿದೆ. ಎರಡೂ ಊಹೆಗೆ ಒಪ್ಪುವ ಗುರುತುಗಳು ಸಿಕ್ಕವೇ ಹೊರತು ಖಚಿತವಾದ ಒಂದು ಉತ್ತರ ಸಿಗಲಿಲ್ಲ. ಬಾಟಲಿಗಳ ಮುಚ್ಚಳ ಬಿಗಿದು, ಚಿತ್ರಕ್ಕೆ ತೆಳು ಕಾಗದ ಮುಚ್ಚಿ, ಕೆಲಸ ನಿಲ್ಲಿಸಿಬಿಟ್ಟೆ. ಆ ಗುರುವಾರ ಮೈ ಸರಿಯಿಲ್ಲ, ಬರಬೇಡಿ ಎಂದು ಅವರಿಗೆ ಸುಳ್ಳು ಹೇಳಿದೆ.

ನನ್ನ ತೊಂದರೆ ಏನೆಂದರೆ, ಅಲೆಯೊಳಗೆ ಹಸಿರು ಇರಬೇಕೋ ಬೇಡವೋ ಎಂಬುದೇ ನನಗೆ ಗೊತ್ತಿರಲಿಲ್ಲ. ನೀರನ್ನು ನಾನು ನೆಟ್ಟಗೆ ನೋಡಿಯೇ ಇರಲಿಲ್ಲ. ನಮ್ಮ ಬೀದಿಯಲ್ಲಿ ನೀರು ಎಂದರೆ ಟ್ಯಾಂಕರು, ಸಂಪು, ಮೋಟರು.

ಶನಿವಾರ ಬೆಳಿಗ್ಗೆ ಆರಕ್ಕೆ ಎದ್ದು ಪುಟ್ಟೇನಹಳ್ಳಿ ಕೆರೆಗೆ ಹೋದೆ. ಆ ಹೊತ್ತಿಗೆ ನನಗೆ ನೆನಪಾದ ನೀರು ಅದೇ. ವಾಕಿಂಗಿನವರು ಆಗಲೇ ಸುತ್ತು ಹಾಕುತ್ತಿದ್ದರು. ನಾನು ದಡದಲ್ಲಿ ಒಂದು ಕಡೆ ನಿಂತೆ. ಸೂರ್ಯ ಎದುರಿನ ಅಪಾರ್ಟ್‌ಮೆಂಟುಗಳ ಸಂದಿಯಿಂದ ಬಂದ. ದೂರದ ನೀರೆಲ್ಲ ಒಮ್ಮೆಗೇ ಆಕಾಶದ ಬಣ್ಣಕ್ಕೆ ತಿರುಗಿತು, ತಗಡಿನ ಹಾಗೆ ಮುಚ್ಚಿಕೊಂಡಿತು. ಒಳಗೆ ಏನಿದೆ ಎಂದು ತೋರಿಸುತ್ತಿರಲಿಲ್ಲ. ಆದರೆ ಕಾಲ ಬುಡದಲ್ಲಿ ಬಗ್ಗಿ ನೋಡಿದರೆ ಅದೇ ನೀರು ತೆರೆದುಕೊಂಡಿತ್ತು. ಕೊಳೆತ ಎಲೆ, ಬೆರಳುದ್ದದ ಮೀನು, ಮಣ್ಣು, ಎಲ್ಲ ಕಾಣುತ್ತಿತ್ತು. ತಲೆ ಎತ್ತಿದೆ, ಕನ್ನಡಿ. ತಗ್ಗಿಸಿದೆ, ಕಿಟಕಿ. ಎಷ್ಟು ಸಲ ಹೀಗೆ ಮಾಡಿದೆನೋ. ಐವತ್ತು ವರ್ಷದ ಹೆಂಗಸು ದಡದಲ್ಲಿ ನಿಂತು ಕತ್ತು ಮೇಲೆ ಕೆಳಗೆ ಮಾಡುವುದನ್ನು ಒಬ್ಬರು ನಿಂತು ನೋಡಿ ಮುಂದೆ ಹೋದರು. ನನಗೆ ಪರಿವೆ ಇರಲಿಲ್ಲ. ಆ ಚಿತ್ರದಲ್ಲಿ ದೂರದ ಕಡಲನ್ನು ದಪ್ಪ ದಪ್ಪ ಬಣ್ಣದಲ್ಲಿ ಮೆತ್ತಿ, ಹತ್ತಿರದ ಅಲೆಯನ್ನು ಗಾಜಿನಷ್ಟು ತೆಳುವಾಗಿ ಯಾಕೆ ಬರೆದಿದ್ದಾನೆ ಎಂದು ಆ ಕೆರೆ ನನಗೆ ತೋರಿಸುತ್ತಿತ್ತು.

"ಮೈ ಸರಿಯಾಯ್ತಾ ಮೇಡಂ?"

ಬೆನ್ನ ಹಿಂದೆ ಅವರು. ಮಂಕಿಕ್ಯಾಪು, ಕ್ಯಾನ್ವಾಸ್ ಶೂ, ಕೈಯಲ್ಲಿ ಕೊಡೆ. ಅವರ ಮನೆ ಅಲ್ಲೇ ಹಿಂದಿನ ರಸ್ತೆ ಎಂಬುದು ನನಗೆ ಮರೆತೇಹೋಗಿತ್ತು.

ಸಿಕ್ಕಿಬಿದ್ದಿದ್ದೆ. ಕಲ್ಲುಬೆಂಚಿನ ಮೇಲೆ ಕೂತು ಎಲ್ಲ ಹೇಳಿದೆ. ಉಗುರಗಲ ಬಣ್ಣ ನನ್ನ ಕೈಯಿಂದ ಹೋಯಿತು, ಅದು ಮೂಲದ್ದೋ ಅಲ್ಲವೋ ಗೊತ್ತಾಗುತ್ತಿಲ್ಲ, ಅದಕ್ಕೇ ಸುಳ್ಳು ಹೇಳಿದೆ ಎಂದೆ. ಅವರು ಸಿಟ್ಟಾಗಲಿಲ್ಲ.

"ನನ್ನ ಕೈಯಿಂದ ಎಷ್ಟು ನಟ್ಟು ಬೋಲ್ಟು ಕಡಲಿಗೆ ಬಿದ್ದಿದೆ ಗೊತ್ತಾ ನಿಮಗೆ? ಬಿಡಿ" ಅಂದರು.

"ಒಂದು ಕೇಳ್ತೀನಿ ಸಾರ್. ಅಲೆ ಒಳಗೆ ಹಸಿರು ಇರುತ್ತಾ? ನೀವು ನೋಡಿದ್ದೀರಾ?"

ಅವರು ಕೊಡೆಯ ತುದಿಯಿಂದ ನೆಲ ಕೆದಕುತ್ತ ಕೂತರು. ಒಂದು ನೀರುಕಾಗೆ ಮುಳುಗಿ, ಎಲ್ಲೋ ದೂರದಲ್ಲಿ ಎದ್ದಿತು.

"ಒಂದು ಸಲ" ಅಂದರು. "ಒಂದೇ ಒಂದು ಸಲ."

ಆಗ ಅವರಿಗೆ ಮೂವತ್ತೆರಡು ವರ್ಷ. ಎರಡು ದಿನದಿಂದ ಬಿರುಗಾಳಿ. ಇಂಜಿನ್ನನ್ನು ತಣ್ಣಗಿಡುವ ನೀರಿನ ಪೈಪು ಒಡೆದು ಇಂಜಿನ್ ನಿಂತುಹೋಯಿತು. ಇಂಜಿನ್ ನಿಂತ ಹಡಗು ಅಲೆಗೆ ಅಡ್ಡಡ್ಡ ತಿರುಗುತ್ತದೆ. ಒಂದು ಪಕ್ಕಕ್ಕೆ ಮಲಗಿದರೆ ಮತ್ತೆ ಏಳುತ್ತದೋ ಇಲ್ಲವೋ ಎಂದು ಎಲ್ಲರೂ ಉಸಿರು ಬಿಗಿಹಿಡಿಯಬೇಕು. ಮೊಣಕಾಲುದ್ದ ಎಣ್ಣೆ ನೀರಿನಲ್ಲಿ ನಿಂತು, ನಾಲ್ಕು ಜನ, ಒಬ್ಬರ ಸೊಂಟಕ್ಕೆ ಒಬ್ಬರು ಹಗ್ಗ ಕಟ್ಟಿಕೊಂಡು ರಿಪೇರಿ ಮಾಡಿದರು. ಎಷ್ಟು ಹೊತ್ತು ಎಂಬ ಲೆಕ್ಕ ತಪ್ಪಿಹೋಗಿತ್ತು. ಕೊನೆಗೊಮ್ಮೆ ಇಂಜಿನ್ ಕೆಮ್ಮಿತು, ಶುರುವಾಯಿತು.

"ನಮ್ಮ ಚೀಫ್ ಇಂಜಿನಿಯರು ನನ್ನ ಮುಖ ನೋಡಿ, ಮೇಲೆ ಹೋಗಿ ಸ್ವಲ್ಪ ಗಾಳಿ ಕುಡಿದು ಬಾ ಅಂದ. ಏಣಿ ಮೇಲೆ ಏಣಿ ಹತ್ತಿ ಕಬ್ಬಿಣದ ಬಾಗಿಲು ತಳ್ಳಿದೆ. ರಾತ್ರಿ ಅಂದ್ಕೊಂಡಿದ್ದೆ ಮೇಡಂ ನಾನು. ಬೆಳಗಾಗಿತ್ತು. ಗಾಳಿ ನಿಂತಿತ್ತು, ಆದ್ರೆ ಅಲೆ ಇನ್ನೂ ಇಳಿದಿರಲಿಲ್ಲ. ಎರಡಂತಸ್ತಿನ ಮನೆ ಎತ್ತರ. ಸೂರ್ಯ ಅಲ್ಲಿ, ಕೆಳಗೆ. ನಾನು ಇಲ್ಲಿ. ಮಧ್ಯೆ ಒಂದು ಅಲೆ ಎದ್ದು ನಿಂತ್ಕೊಳ್ತು."

ಅವರ ಕೈ ತಾನಾಗಿ ಮೇಲೆದ್ದಿತ್ತು.

"ಬೆಳಕು ನೀರಿನ ಮೇಲಿರಲಿಲ್ಲ ಮೇಡಂ. ಒಳಗಿತ್ತು. ನೀರಿಗೆ ಒಳಗಿಂದ ಜೀವ ಬಂದಿತ್ತು."

"ಯಾವ ಬಣ್ಣ ಸಾರ್? ಯೋಚನೆ ಮಾಡಿ ಹೇಳಿ."

ಅವರು ಸುತ್ತಲೂ ಹುಡುಕಿದರು. ಕೆರೆ, ಜೊಂಡು, ಮರ, ಯಾವುದೂ ಅವರಿಗೆ ಒಪ್ಪಿಗೆಯಾಗಲಿಲ್ಲ. "ಬಾಳೆ ಸುಳಿ ಬಿಚ್ಕೊಳುತ್ತಲ್ಲ, ಎಳೇ ಎಲೆ. ಅದರ ಕೆಳಗೆ ನಿಂತು ಸೂರ್ಯನ ಕಡೆ ನೋಡಿ. ಆ ಬಣ್ಣ. ಆದ್ರೆ ನೀರು. ಓಡಾಡ್ತಿರೋ ನೀರು. ಒಂದು ಉಸಿರೆಳೆಯೋ ಹೊತ್ತು ನಿಂತಿತ್ತು. ಮುರಿದುಬಿತ್ತು. ನಾನು ಅತ್ತುಬಿಟ್ಟೆ. ಕೈ ತುಂಬ ಗ್ರೀಸು, ಕಣ್ಣು ಒರೆಸ್ಕೊಳ್ಳೋಕೂ ಆಗಲಿಲ್ಲ."

ಅದರ ಮುಂದಿನ ಬಂದರಿನಲ್ಲೇ, ಹಳೆಯ ಸಾಮಾನಿನ ಅಂಗಡಿಯ ಗಾಜಿನ ಹಿಂದೆ ಈ ಚಿತ್ರ ಕಂಡಿತಂತೆ. ಆಗಲೇ ಸುಮಾರು ಕಂದಾಗಿತ್ತು. ಆದರೆ ಆ ಅಲೆಯ ನೆತ್ತಿಯಲ್ಲಿ ಒಂದು ಎಳೆ ಹಸಿರು ಇನ್ನೂ ಉಳಿದಿತ್ತು. ಅದನ್ನು ನೋಡಿ ತೆಗೆದುಕೊಂಡರು. ಇಲ್ಲಿಗೆ ತಂದು ಗೋಡೆಗೆ ಹಾಕಿದ ಮೇಲೆ ಆ ಎಳೆಯೂ ಹೊಗೆಗೆ ಮುಚ್ಚಿಹೋಯಿತು. ಮನೆಯವರೆಲ್ಲ ರಾತ್ರಿ ಎಂದರು, ಇವರೂ ಹೂಂ ಎಂದರು.

"ಮನೇಲಿ ಅಮ್ಮಾವರಿಗೆ ಇದನ್ನ ಹೇಳಿದ್ದೀರಾ?"

"ಏನಂತ ಹೇಳೋದು? ನಾವು ಮುಳುಗಿ ಹೋಗೋದ್ರಲ್ಲಿದ್ವಿ ಅಂತಾನಾ? ಆಗ ಅವಳು ಬಸುರಿ. ಹೇಳಲಿಲ್ಲ. ಆಮೇಲೆ ಹೇಳೋ ಹೊತ್ತು ತಪ್ಪಿಹೋಯ್ತು."

ಅವತ್ತು ಮಧ್ಯಾಹ್ನವೇ ಕೆಲಸಕ್ಕೆ ಕೂತೆ. ನೀರನ್ನು ಅಷ್ಟು ನೋಡಿದ್ದವನು ಅಲೆಯೊಳಗಿನ ಆ ಬೆಳಕನ್ನು ಬರೆಯದೆ ಬಿಟ್ಟಿರಲಾರ; ಆ ಹಸಿರು ಚಿತ್ರಗಾರನದ್ದೇ ಎಂಬ ಬಗ್ಗೆ ಇನ್ನು ನನಗೆ ಅನುಮಾನ ಉಳಿದಿರಲಿಲ್ಲ. ಬೇರೆ ದ್ರವ, ಇನ್ನೂ ತಿಳಿಯಾದದ್ದು, ಮಾಡಿಕೊಂಡೆ. ಆ ಅಲೆಯ ಮೇಲೆ ಮಾತ್ರ ವಾರ್ನಿಷ್ ಪೂರ್ತಿ ತೆಗೆಯಲಿಲ್ಲ. ಅರ್ಧ ಇಳಿಸಿ, ಒಂದು ಕೂದಲೆಳೆಯಷ್ಟು ಪದರ ಉಳಿಸಿ ನಿಲ್ಲಿಸಿದೆ. ಕೈ ನಿಲ್ಲಿಸುವುದು ಕೈ ಆಡಿಸುವುದಕ್ಕಿಂತ ಕಷ್ಟ. ಅಷ್ಟು ಸಾಕಾಯಿತು. ನೆತ್ತಿಯಿಂದ ಕೆಳಕ್ಕೆ, ಮೊದಲು ತಿಳಿ, ಆಮೇಲೆ ಗಾಢ, ಆಮೇಲೆ ಬಾಟಲಿಯ ತಳದಂಥ ಕಪ್ಪು ಹಸಿರಾಗಿ, ಅಲೆ ಇಳಿದುಕೊಂಡು ಬಂತು. ಸೂರ್ಯನನ್ನು ಚಿತ್ರಗಾರ ದಪ್ಪ ಬಣ್ಣದಲ್ಲಿ ಒಂದು ಕಡೆ ಇಟ್ಟಿದ್ದ. ಆದರೆ ಚಿತ್ರದ ಬೆಳಕೆಲ್ಲ ಬರುತ್ತಿದ್ದದ್ದು ಈ ನೀರಿನ ಒಳಗಿನಿಂದ. ನಾನು ಕುರ್ಚಿ ಹಿಂದಕ್ಕೆ ಸರಿಸಿ ಗೋಡೆಗೆ ಒರಗಿ ನಿಂತೆ. ಕಿಟಕಿಯ ಹೊರಗೆ ಹೂಕೋಸು ಮಾರುವವನ ಮೈಕು ಕೂಗುತ್ತಿತ್ತು. ನನ್ನ ಮೇಜಿನ ಮೇಲೆ ಕಡಲು ಎದ್ದು ನಿಂತಿತ್ತು.

ಹೋದ ಉಗುರಗಲದ ಜಾಗವನ್ನು, ಮುಂದೆ ಯಾರಾದರೂ ಬೇಡವೆಂದರೆ ಸುಲಭವಾಗಿ ಒರೆಸಿ ತೆಗೆಯಬಹುದಾದ ಬಣ್ಣದಿಂದ ತುಂಬಿದೆ. ಇವತ್ತಿಗೂ ನನ್ನ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಇನ್ನೊಂದು ಉಳಿದಿತ್ತು, ಕೆಳಗಿನ ಬಂಡೆಯಂಥ ಕಪ್ಪು ಮಚ್ಚೆ. ಮುಂದಿನ ಗುರುವಾರ ಅವರು ಕೂತಿದ್ದಾಗಲೇ ಅದನ್ನು ತೆರೆದೆ. ಬಂಡೆಯಲ್ಲ, ದೋಣಿ. ಹಡಗಿನಿಂದ ಇಳಿದ ದೋಣಿ. ಅದರಲ್ಲಿ ಅಕ್ಕಿಕಾಳಿನಷ್ಟು ಆರು ಜನ. ಬ್ರಶ್ಶಿನ ತುದಿಯಿಂದ ಒಂದೊಂದೇ ತಟ್ಟಿ ಎತ್ತಿದ ಜನ. ಐದು ಜನ ಬಗ್ಗಿ ಹುಟ್ಟು ಹಾಕುತ್ತಿದ್ದಾರೆ. ಒಬ್ಬ ಮಾತ್ರ ಹುಟ್ಟು ಬಿಟ್ಟು, ಎದ್ದು, ಆ ಅಲೆಯ ಕಡೆ ಮುಖ ಮಾಡಿ ನಿಂತಿದ್ದಾನೆ.

ಅವರು ಎದ್ದು, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, "ಇವನಿಗೆ ಬೈತಾರೆ ಉಳಿದವರು" ಅಂದರು.

ಚಿತ್ರವನ್ನು ಅವರ ಮನೆಗೆ ನಾನೇ ತೆಗೆದುಕೊಂಡು ಹೋದೆ. ಅವರ ಹೆಂಡತಿಯನ್ನು ಅವತ್ತೇ ಮೊದಲು ನೋಡಿದ್ದು. ತೆಳ್ಳಗೆ, ನೆಟ್ಟಗೆ, ಹತ್ತಿ ಸೀರೆ, ಮುಖದಲ್ಲಿ ಒಂದು ಬಗೆಯ ಬಿಗಿ. ನನ್ನನ್ನು ಕೂರಿಸಿ ಕಾಫಿ ಕೊಟ್ಟರು. ಪಟದ ಕಡೆ ತಿರುಗಲೂ ಇಲ್ಲ. "ನೋಡಮ್ಮ, ನಿನ್ನ ಕೆಲಸದ ಬಗ್ಗೆ ನಾನು ಏನೂ ಅನ್ನಲ್ಲ. ಆದ್ರೆ ನನಗೆ ಆ ಪಟ ಕಂಡ್ರೆ ಆಗಲ್ಲ. ಇವರು ಕಡಲಿಗೆ ಹೋದಾಗ ಆರಾರು ತಿಂಗಳು ಅದರ ಎದುರು ಓಡಾಡ್ಕೊಂಡು ಅಡಿಗೆ ಮಾಡಿದೀನಿ. ಕತ್ತಲೆ, ಮುಳುಗೋ ಹಡಗು. ಮನೇಲಿ ಯಾರಾದ್ರೂ ಅಂಥದ್ದು ಹಾಕ್ತಾರಾ?"

ಅವರ ಗಂಡ ಪಟವನ್ನು ಸೋಫಾದ ಮೇಲೆ ನಿಲ್ಲಿಸಿ ಬಟ್ಟೆ ತೆಗೆದರು.

ಆಕೆ ಕಾಫಿ ಲೋಟ ಹಿಡಿದುಕೊಂಡೇ ನಿಂತರು. ಒಂದು ಹೆಜ್ಜೆ ಮುಂದೆ ಬಂದರು. ಮತ್ತೊಂದು.

"ಇದು ನಮ್ಮನೇದಲ್ಲ" ಅಂದರು.

"ನಿಮ್ಮದೇ ಅಮ್ಮ" ಅಂದೆ.

"ಬೆಳಗಾಗಿದೆಯಲ್ಲ ಇದರಲ್ಲಿ!"

"ಮೊದಲಿಂದಲೂ ಬೆಳಗೇ ಇತ್ತು."

ಆಕೆ ಬಗ್ಗಿ, ಬೆರಳು ತಾಗಿಸದೆ, ಗಾಳಿಯಲ್ಲೇ ಆ ಅಲೆಯನ್ನು ಸವರಿದರು. "ಇದೇನ್ರೀ ಇದು, ನೀರು ಒಳಗಿಂದ ಹೊಳೀತಿದೆ. ಹೀಗೆಲ್ಲ ಇರುತ್ತಾ?"

"ಇರುತ್ತೆ" ಅಂದರು ಅವರು. "ನಾನು ನೋಡಿದೀನಿ."

ಅವರು ಹೇಳತೊಡಗಿದರು. ಕೆರೆಯ ಹತ್ತಿರ ನನಗೆ ಹೇಳಿದ್ದಕ್ಕಿಂತ ತಡವರಿಸಿ, ಹಿಂದು ಮುಂದು ಮಾಡಿ, ಪೈಪು, ಹಗ್ಗ, ಏಣಿ, ಬಾಗಿಲು, ಎಲ್ಲ. ಆಕೆ ಕೇಳುತ್ತ ಕೇಳುತ್ತ ಸೋಫಾದ ಅಂಚಿಗೆ, ಪಟದ ಪಕ್ಕದಲ್ಲೇ ಕೂತರು.

"ಅದು ಯಾವ ವರ್ಷ?"

ಅವರು ಹೇಳಿದರು.

"ನಾನು ತವರಿನಲ್ಲಿದ್ದೆ. ಆ ಬಂದರಿಂದ ನೀವು ಕಾಗದ ಬರೆದಿದ್ರಿ. ಹವಾ ಚೆನ್ನಾಗಿದೆ, ಊಟ ಚೆನ್ನಾಗಿದೆ, ಚಿಂತೆ ಮಾಡಬೇಡ ಅಂತ."

"ಹೂಂ."

"ಹವಾ ಚೆನ್ನಾಗಿದೆ ಅಂತ!"

"ಆ ಹೊತ್ತಿಗೆ ಚೆನ್ನಾಗೇ ಆಗಿತ್ತು ಕಣೇ."

ಬೈಯುತ್ತಾರೆ ಎಂದು ನಾನು ಕಾಯುತ್ತಿದ್ದೆ. ಬೈಯಲಿಲ್ಲ. ಆಕೆಯ ಮುಖದ ಬಿಗಿ ಎಲ್ಲೋ ಸಡಿಲವಾಯಿತು. ಪ್ರಶ್ನೆಗಳು ಶುರುವಾದವು. ಹಗ್ಗ ಕಟ್ಟಿಕೊಂಡಿದ್ದ ಉಳಿದ ಮೂವರು ಯಾವ ಊರಿನವರು? ಅವರಿಗೇನೂ ಆಗಲಿಲ್ಲವೇ? ಆಮೇಲೆ ಏನು ತಿಂದಿರಿ? ಒಣಗಿದ ಬಟ್ಟೆ ಇತ್ತೇ? ಹೆದರಿಕೆ ಆಯಿತೇ? ಆಗ ನನ್ನ ನೆನಪಾಯಿತೇ? ಅವರು ಒಂದೊಂದಕ್ಕೂ ಉತ್ತರ ಹೇಳಿದರು. ಕೊನೆಯದಕ್ಕೆ ಮಾತ್ರ ಹೌದೆಂದು ತಲೆ ಆಡಿಸಿದರು. ನಾನು ಬರ್ತೀನಿ ಎಂದು ಹೇಳಿ ಎದ್ದೆ. ಇಬ್ಬರಿಗೂ ಕೇಳಿಸಿದ ಹಾಗಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಕೋಣೆಯಲ್ಲಿ ಯಾರದೋ ಮನೆಯ ಲಕ್ಷ್ಮಿಗೆ ರೇಕು ಅಂಟಿಸುತ್ತಿದ್ದೆ. ಫೋನ್ ಬಂತು. ಆಕೆ. ಸುತ್ತ ಏನೋ ಮೊರೆತ, ಮಾತು ಅರ್ಧಂಬರ್ಧ ಕೇಳುತ್ತಿತ್ತು.

"ಕಾರವಾರದಲ್ಲಿದೀವಮ್ಮ. ಬೆಳಿಗ್ಗೆ ಆಗಲ್ವಂತೆ, ಈ ಕಡೆ ಸಂಜೆಗೇ ಸೂರ್ಯ ಎದುರು ಬರೋದಂತೆ. ಇವರು ಮೂರು ದಿನದಿಂದ ಕರ್ಕೊಂಡು ಬಂದು ನಿಲ್ಲಿಸ್ತಿದಾರೆ. ನಿನ್ನೆ ಮೋಡ. ಮೊನ್ನೆ ಅಲೇನೇ ಏಳಲಿಲ್ಲ."

"ಇವತ್ತು?"

"ಇವತ್ತು ಪರವಾಗಿಲ್ಲ. ಆದ್ರೆ ಚಿಕ್ಕ ಚಿಕ್ಕದು, ಮೊಣಕಾಲುದ್ದ ಅಷ್ಟೆ. ಇರು, ಇರು..."

ಮಾತು ನಿಂತಿತು. ಮೊರೆತ ಮಾತ್ರ ಕೇಳಿಸುತ್ತಿತ್ತು. ದೂರದಿಂದ ಅವರ ದನಿ, "ಅಲ್ಲಿ ನೋಡು, ಎಡಗಡೆ, ಎಡಗಡೆ!" ನಾನು ಕೈಯಲ್ಲಿದ್ದ ಚಿನ್ನದ ರೇಕನ್ನು ಹಾಗೇ ಹಿಡಿದುಕೊಂಡು ನಿಂತಿದ್ದೆ. ಉಸಿರು ಬಿಟ್ಟರೂ ಹಾರಿಹೋಗುವ ರೇಕು ಅದು.

"ಕಂಡ್ತು!" ಅಂದರು ಆಕೆ. ಎಪ್ಪತ್ತು ದಾಟಿದ ಹೆಂಗಸಿನ ದನಿ ಅದಾಗಿರಲಿಲ್ಲ. "ಅಯ್ಯೋ, ಇಷ್ಟು ಚಿಕ್ಕ ನೀರೊಳಗೂ ಬರುತ್ತಲ್ಲಮ್ಮ ಆ ಹಸಿರು! ಇರು, ಇನ್ನೊಂದು ಬರ್ತಿದೆ."

ಫೋನು ಇಡುವುದನ್ನು ಮರೆತಿದ್ದರು. ನನ್ನ ಫೋನನ್ನು ಮೇಜಿನ ಮೇಲಿಟ್ಟು, ಬೆಳಕು ಪೂರ್ತಿ ಆರುವವರೆಗೂ ಕೇಳುತ್ತ ಕೂತೆ.